ಎರಡು ತಲೆಯ ಮಾಂಗಾ ಯಂತ್ರ: ಬಳಕೆಯ ಕೈಪಿಡಿ

(ಟೋಕಿಯೊದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಯ, ವಾರಪತ್ರಿಕೆಗಳಿಗೆ ಹೊಸದಾಗಿ ಸೇರಿದ ಸಂಪಾದಕರ ಉಪಯೋಗಕ್ಕಾಗಿ)



ನಮ್ಮ ಎರಡು ತಲೆಯ ಮಾಂಗಾ ಯಂತ್ರವನ್ನು ಆರಿಸಿಕೊಂಡಿದ್ದಕ್ಕೆ ವಂದನೆಗಳು. ನಿಜ ಹೇಳಬೇಕೆಂದರೆ ನೀವು ಆರಿಸಿಕೊಂಡಿಲ್ಲ. ಕಾಲೇಜು ಮುಗಿಸಿ ಪ್ರಕಾಶನ ಸಂಸ್ಥೆಗೆ ಸೇರಿದ ಹೊಸತರಲ್ಲೇ ಮೇಲಿನವರು ಇದನ್ನು ನಿಮ್ಮ ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದಾರೆ. ಇರಲಿ, ಎಲ್ಲರಿಗೂ ಹೀಗೇ ಸಿಕ್ಕಿದ್ದು.

ಮಾರುಕಟ್ಟೆಯಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಒಂದು ತಲೆಯ ಮಾದರಿ. ಕಥೆಯನ್ನೂ ತಾನೇ ಕಟ್ಟಿ, ಚಿತ್ರವನ್ನೂ ತಾನೇ ಬಿಡಿಸುತ್ತದೆ. ಒಸಾಮು ತೆಜುಕಾ, ಅಕಿರಾ ತೊರಿಯಾಮಾ ಆ ಮಾದರಿಯವರು. ಅದರ ಕೈಪಿಡಿ ಬೇರೆ ಇದೆ, ಅದರ ಬಹುಭಾಗ ನಿದ್ದೆಗೇಡಿನ ಬಗ್ಗೆ. ನಿಮಗೆ ಸಿಕ್ಕಿರುವ ಯಂತ್ರದಲ್ಲಿ ಕಥೆಯ ತಲೆ ಒಂದು, ಚಿತ್ರದ ತಲೆ ಇನ್ನೊಂದು. ಪುಸ್ತಕದ ಹೊದಿಕೆಯ ಮೇಲೆ ಎರಡು ಹೆಸರಿರುತ್ತವೆ. ನಿಮ್ಮ ಹೆಸರು ಇರುವುದಿಲ್ಲ. ಇದು ತಯಾರಿಕೆಯ ದೋಷವಲ್ಲ, ದಯವಿಟ್ಟು ದೂರು ಕೊಡಬೇಡಿ.

ಪೆಟ್ಟಿಗೆಯಲ್ಲಿರುವ ಸಾಮಾನು

ಕಥೆಗಾರ ಒಬ್ಬ. ಚಿತ್ರಕಾರ ಒಬ್ಬ. ಚಿತ್ರಕಾರನ ಜೊತೆಗೆ ಹಿನ್ನೆಲೆಯ ಕಟ್ಟಡ, ಗುಂಪು, ಮಳೆ, ಕಪ್ಪು ಶಾಯಿ ತುಂಬುವ ಕೆಲಸ ಇವಕ್ಕೆಲ್ಲ ಸಹಾಯಕರು. ಎಷ್ಟು ಜನ ಎಂಬುದು ಚಿತ್ರಕಾರನ ಜೇಬಿನ ಮೇಲೆ ನಿಂತಿದೆ, ಯಾಕೆಂದರೆ ಇವರ ಸಂಬಳ ಕೊಡುವವನು ಅವನೇ. ಪತ್ರಿಕೆ ಪುಟಕ್ಕೆ ಇಷ್ಟು ಎಂದು ಸಂಭಾವನೆ ಕೊಡುತ್ತದೆ. ಪುಸ್ತಕವಾದ ಮೇಲೆ ಮುಖಬೆಲೆಯ ಸುಮಾರು ಶೇಕಡಾ 10ರಷ್ಟು ಗೌರವಧನ ಬರುತ್ತದೆ. ಎರಡು ತಲೆಯ ಯಂತ್ರದಲ್ಲಿ ಆ ಹತ್ತನ್ನು ಇಬ್ಬರು ಹಂಚಿಕೊಳ್ಳಬೇಕು. ಕಥೆಗಾರನಿಗೆ ಬೇಕಾದದ್ದು ಒಂದು ಮೇಜು, ಒಂದು ಕಿಟಕಿ. ಚಿತ್ರಕಾರನಿಗೆ ಬೇಕಾದದ್ದು ಕೋಣೆ, ಜನ, ಅವರ ರಾತ್ರಿಯೂಟ. ಹೀಗಿದ್ದೂ ಪಾಲು ಹಂಚುವಾಗ ಇಬ್ಬರೂ ನಕ್ಕರೆ ಆ ನಗುವನ್ನು ನಂಬಬೇಡಿ, ಲೆಕ್ಕದ ಪುಸ್ತಕ ತೆಗೆಯಿರಿ.

ಪೆಟ್ಟಿಗೆಯ ತಳದಲ್ಲಿ ಓದುಗರ ಅಂಚೆ ಕಾರ್ಡುಗಳ ಕಟ್ಟು ಇದೆ. ಈ ವಾರ ಯಾವ ಮೂರು ಕಥೆ ಹಿಡಿಸಿದವು ಎಂದು ಮಕ್ಕಳು ಬರೆದು ಕಳಿಸುವ ಕಾರ್ಡುಗಳು ಇವು. ‘ಶೋನೆನ್ ಜಂಪ್’ ವಾರಪತ್ರಿಕೆ 1990ರ ದಶಕದ ನಡುವೆ ವಾರಕ್ಕೆ 65 ಲಕ್ಷ ಪ್ರತಿ ದಾಟಿದ್ದು ಈ ಕಾರ್ಡುಗಳನ್ನು ದೇವರ ಅಪ್ಪಣೆಯ ಹಾಗೆ ಪಾಲಿಸಿದ್ದರಿಂದ. ಕಾರ್ಡುಗಳನ್ನು ಎಣಿಸಿ ಮಾಡಿದ ಪಟ್ಟಿಯ ತಳದಲ್ಲೇ ಉಳಿದ ಯಂತ್ರವನ್ನು ಕೆಲವೇ ತಿಂಗಳಲ್ಲಿ ವಾಪಸು ಪೆಟ್ಟಿಗೆಗೆ ಹಾಕುತ್ತಾರೆ. ಕಥೆಗಾರ ಆರನೇ ಸಂಪುಟಕ್ಕೆಂದು ಬಚ್ಚಿಟ್ಟ ಗುಟ್ಟು ಬಚ್ಚಿಟ್ಟಲ್ಲೇ ಉಳಿಯುತ್ತದೆ.

ಜೋಡಿಸುವುದು

ಇಬ್ಬರೂ ಬಾಲ್ಯದ ಗೆಳೆಯರಾಗಿರಬೇಕು, ಒಂದೇ ತಟ್ಟೆಯಲ್ಲಿ ಉಂಡಿರಬೇಕು ಎಂದು ನೀವು ತಿಳಿದಿದ್ದರೆ ಅದು ‘ಬಕುಮಾನ್’ ಓದಿದ ಪರಿಣಾಮ. ಅದರಲ್ಲಿ ಇಬ್ಬರು ಶಾಲಾ ಹುಡುಗರು ಕಥೆ-ಚಿತ್ರ ಹಂಚಿಕೊಂಡು, ಒಂದೇ ಅಂಕಿತನಾಮ ಇಟ್ಟುಕೊಂಡು, ಅಂಚೆ ಕಾರ್ಡಿನ ಪಟ್ಟಿಯಲ್ಲಿ ಏರುತ್ತ ಇಳಿಯುತ್ತ ಬೆಳೆಯುತ್ತಾರೆ. 2008ರಿಂದ 2012ರವರೆಗೆ ಜಂಪ್‌ನಲ್ಲೇ ಬಂತು, 20 ಸಂಪುಟಗಳಾದವು. ಸೊಗಸಾದ ಕಥೆ. ಆದರೆ ಅದನ್ನು ಮಾಡಿದ ಜೋಡಿಯನ್ನು ನೋಡಿ. ಕಥೆ ತ್ಸುಗುಮಿ ಓಬಾ ಅವರದು, ಚಿತ್ರ ತಾಕೇಶಿ ಒಬಾತಾ ಅವರದು. ಓಬಾ ಎಂಬುದು ಅಂಕಿತನಾಮ. ಅದರ ಹಿಂದೆ ಇರುವವರು ಯಾರೆಂದು ಓದುಗರಿಗೆ ಇವತ್ತಿಗೂ ಗೊತ್ತಿಲ್ಲ. ಈ ಇಬ್ಬರು ‘ಡೆತ್ ನೋಟ್’ ಎಂಬ ಇನ್ನೊಂದು ಮಾಂಗಾ ಮಾಡುವಾಗ ಒಟ್ಟಿಗೆ ಕೂತು ಚರ್ಚಿಸುತ್ತಿದ್ದುದು ಅಪರೂಪ. ಕಾಗದ ಹೋಗುತ್ತಿದ್ದುದು, ಬರುತ್ತಿದ್ದುದು ಸಂಪಾದಕನ ಕೈಯಲ್ಲಿ. ಗೆಳೆತನದ ಮಹಾಕಾವ್ಯ ಬರೆದವರು ಕೆಲಸಕ್ಕೆ ದೂರವನ್ನೇ ನೆಚ್ಚಿಕೊಂಡಿದ್ದರು ಎಂಬುದನ್ನು ಹೊಸ ಸಂಪಾದಕ ಮನನ ಮಾಡಬೇಕು.

ಆದ್ದರಿಂದ ಜೋಡಿಸುವುದು ಎಂದರೆ ಸಂಬಂಧ ಕುದುರಿಸುವುದು. ಗಂಡಿನ ಕಡೆಯವರಿಗೆ ಹೆಣ್ಣಿನ ಕಡೆಯವರ ಗುಣ ಹೇಳುತ್ತ, ಹೆಣ್ಣಿನ ಕಡೆಯವರಿಗೆ ಗಂಡಿನ ಕಡೆಯವರ ಆಸ್ತಿ ಹೇಳುತ್ತ, ಎರಡೂ ಕಡೆಯ ಬೈಗುಳವನ್ನು ಚಪ್ಪರದ ಆಚೆಗೇ ನಿಲ್ಲಿಸುವ ಮದುವೆ ದಲ್ಲಾಳಿಯ ಕೆಲಸ ನಿಮ್ಮದು. ತೆತ್ಸುಓ ಹಾರಾ 1983ರಲ್ಲಿ ಒಬ್ಬರೇ ಒಂದು ಬಿಡಿಕಥೆ ಮಾಡಿದರು. ಬೆರಳು ಒತ್ತಿದರೆ ಎದುರಾಳಿಯ ಮೈ ಒಳಗಿನಿಂದಲೇ ಸಿಡಿಯುವ ಹೊಡೆದಾಟ. ತೋಳು, ಎದೆ, ರಕ್ತ ಎಲ್ಲ ಇತ್ತು, ವಾರವಾರ ಎಳೆದುಕೊಂಡು ಹೋಗುವ ಕಥೆ ಇರಲಿಲ್ಲ. ಸಂಪಾದಕರು ಬುರೊನ್ಸನ್ ಎಂಬ ಕಥೆಗಾರರನ್ನು ತಂದು ಪಕ್ಕದಲ್ಲಿ ಕೂರಿಸಿದರು. ಹಾಲಿವುಡ್ ನಟ ಚಾರ್ಲ್ಸ್ ಬ್ರಾನ್ಸನ್ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರು ಇವರು. ಅದೇ ವರ್ಷ ಶುರುವಾದ ‘ಹೊಕುತೊ ನೊ ಕೆನ್’ 1988ರವರೆಗೆ ಓಡಿತು.

ಒಬಾತಾ ಅವರದೂ ಇದೇ ಪಾಠ. 1989ರಲ್ಲಿ ಅವರು ಯಂತ್ರಮಾನವನಾದ ಮುದುಕನೊಬ್ಬನ ತಮಾಷೆ ಕಥೆಯನ್ನು ಒಬ್ಬರೇ ಮಾಡಿದರು. ಹೆಚ್ಚು ಕಾಲ ಬಾಳಲಿಲ್ಲ. ಹತ್ತು ವರ್ಷದ ನಂತರ ಯುಮಿ ಹೊತ್ತಾ ಎಂಬ ಕಥೆಗಾರ್ತಿಯ ಜೊತೆ ‘ಹಿಕಾರು ನೊ ಗೋ’ ಮಾಡಿದರು. ಗೋ ಆಟದ ಕರಿ-ಬಿಳಿ ಕಾಯಿಗಳನ್ನು ಇಟ್ಟುಕೊಂಡು ಮಕ್ಕಳ ಪತ್ರಿಕೆಯಲ್ಲಿ ಗೆಲ್ಲಬಹುದೆಂದು ಯಾರೂ ಹೇಳುತ್ತಿರಲಿಲ್ಲ. ಮುದುಕರ ಆಟವಾಗಿದ್ದದ್ದನ್ನು ಆಡಲು ಜಪಾನಿನ ಮಕ್ಕಳು ಸಾಲು ಹಚ್ಚಿದರು. ವೃತ್ತಿಪರ ಆಟಗಾರ್ತಿ ಯುಕಾರಿ ಉಮೆಜಾವಾ ಕಥೆಯಲ್ಲಿ ಬರುವ ಆಟವನ್ನು ನೋಡಿ ತಿದ್ದುತ್ತಿದ್ದರು. ಅಂದರೆ ಈ ಯಂತ್ರಕ್ಕೆ ಅಗತ್ಯಬಿದ್ದರೆ ಮೂರನೇ ತಲೆಯನ್ನೂ ಸಿಕ್ಕಿಸಬಹುದು.

ಕಚ್ಚಾ ಸರಕು

ಕಥೆಗಾರನಿಂದ ಚಿತ್ರಕಾರನಿಗೆ ಏನು ಹೋಗುತ್ತದೆ? ಇದು ಯಂತ್ರದಿಂದ ಯಂತ್ರಕ್ಕೆ ಬೇರೆ. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ, ನಿಧಾನವಾಗಿ ಓದಿ.

ಕಥೆಗಾರ ಇಕ್ಕಿ ಕಾಜಿವಾರಾ ಗದ್ಯ ಬರೆದು ಕಳಿಸುತ್ತಿದ್ದರು. ಚೌಕಗಳ ಹಾಳೆಯ ಮೇಲೆ ಕಾದಂಬರಿಯಂಥ ಬರಹ. ಯಾವ ಮಾತಿಗೆ ಎಷ್ಟು ದೊಡ್ಡ ಚೌಕಟ್ಟು, ಎಲ್ಲಿ ಪುಟ ತಿರುಗಬೇಕು ಎಂಬುದೆಲ್ಲ ಚಿತ್ರಕಾರನ ತಲೆನೋವು. ಕಾಜುಓ ಕೊಯಿಕೆ ನಾಟಕದ ಹಾಗೆ ದೃಶ್ಯ, ಮಾತು, ಸೂಚನೆ ಬರೆದು ಕೊಡುತ್ತಿದ್ದರು. ಕಥೆಗಿಂತ ಮೊದಲು ಪಾತ್ರ ಎದ್ದು ನಿಲ್ಲಬೇಕು ಎಂಬುದು ಅವರ ಮಂತ್ರ. 1977ರಲ್ಲಿ ಅದಕ್ಕೆಂದೇ ಒಂದು ಶಾಲೆ ತೆರೆದರು. ರುಮಿಕೊ ತಾಕಾಹಾಶಿ, ಮೇಲೆ ಹೇಳಿದ ತೆತ್ಸುಓ ಹಾರಾ, ಇಬ್ಬರೂ ಅಲ್ಲಿ ಕಲಿತವರೇ.

ಓಬಾ ಅವರದು ಮೂರನೇ ದಾರಿ. ಅವರು ಚೌಕಟ್ಟು ಹಾಕಿ, ಕಡ್ಡಿಮನುಷ್ಯರನ್ನು ನಿಲ್ಲಿಸಿ, ಮಾತಿನ ಗುಳ್ಳೆ ಬರೆದು ಕರಡು ಪುಟಗಳನ್ನೇ ಕಳಿಸುತ್ತಾರೆ. ಇದಕ್ಕೆ ಜಪಾನಿನ ಕಚೇರಿಗಳಲ್ಲಿ ‘ನೇಮು’ ಎನ್ನುತ್ತಾರೆ. ನಿಮ್ಮ ವೃತ್ತಿಜೀವನದ ಅರ್ಧ ಆಯುಷ್ಯ ನೇಮು ಓದುವುದರಲ್ಲಿ, ಉಳಿದರ್ಧ ಅದನ್ನು ವಾಪಸು ಕಳಿಸುವುದರಲ್ಲಿ ಕಳೆಯುತ್ತದೆ. ನೇಮು ಒಪ್ಪಿಗೆಯಾಗದೆ ಚಿತ್ರಕಾರ ಪೆನ್ನು ಮುಟ್ಟುವಂತಿಲ್ಲ. ಕಥೆಗಾರ ಎರಡು ದಿನ ತಡಮಾಡಿದರೆ ಆ ಎರಡು ದಿನವನ್ನು ಚಿತ್ರಕಾರ ಮತ್ತು ಅವನ ಸಹಾಯಕರು ನಿದ್ದೆಯ ಖಾತೆಯಿಂದ ತೀರಿಸುತ್ತಾರೆ. ವಾರಕ್ಕೆ 19 ಪುಟದ ಆಸುಪಾಸು, ಬೇಸಿಗೆ ಚಳಿಗಾಲ ಎನ್ನದೆ.

ಕೆಲವು ಮಾದರಿಗಳಲ್ಲಿ ಕಥೆಗಾರನಿಗೆ ಚಿತ್ರ ಬಿಡಿಸಲು ಬರುವುದಿಲ್ಲ ಎಂಬುದೇ ಬಂಡವಾಳ. ‘ವನ್’ ಎಂಬ ಅಂಕಿತದವರು 2009ರಲ್ಲಿ ‘ವನ್-ಪಂಚ್ ಮ್ಯಾನ್’ ಅನ್ನು ಅಂತರ್ಜಾಲದಲ್ಲಿ ಹಾಕಿದರು. ಚಿತ್ರಗಳು ನೋಟ್‌ಬುಕ್ಕಿನ ಹಿಂಬದಿಯ ಗೀಚು. ಆಗಲೇ ಹೆಸರು ಮಾಡಿದ್ದ ಯೂಸುಕೆ ಮುರಾತಾ ಅದನ್ನು ಓದಿ ತಾವೇ ಕೇಳಿಕೊಂಡು ಬಂದರು. 2012ರಿಂದ ಅದೇ ಕಥೆಯನ್ನು ಹೊಸದಾಗಿ ಬಿಡಿಸುತ್ತಿದ್ದಾರೆ. ಮುರಾತಾ ಪ್ರಕಟವಾದ ಅಧ್ಯಾಯಗಳನ್ನೂ ಮತ್ತೆ ಬಿಡಿಸಿ ಹಾಕುವುದುಂಟು. ಆಗ ಗಾಬರಿಯಾಗಬೇಡಿ, ಪ್ಲಗ್ ಕೀಳಬೇಡಿ. ಗೀಚು ಇದ್ದಲ್ಲಿ ಆ ಗೀಚಿನ ತಮಾಷೆ ಉಳಿಯಬೇಕು, ಅದರ ಸುತ್ತ ಕಣ್ಣು ಕುಕ್ಕುವ ಚಿತ್ರ ಬರಬೇಕು. ಬೋಳುತಲೆಯ ನಾಯಕನ ಮುಖ ಇವತ್ತಿಗೂ ಒಂದು ಮೊಟ್ಟೆ, ಎರಡು ಚುಕ್ಕೆ.

ಮಾತು ಮೀರುವ ಗುಂಡಿ

ಯಂತ್ರದ ಹಿಂಭಾಗದಲ್ಲಿ ಕೆಂಪು ಗುಂಡಿ ಇದೆ. ಅದರ ಮೇಲೆ ಏನೂ ಬರೆದಿಲ್ಲ. ಚಿತ್ರಕಾರ ಕಥೆಗಾರನ ಮಾತು ಮೀರಿದಾಗ ತಾನೇ ಒತ್ತಿಕೊಳ್ಳುತ್ತದೆ. ಹೊಸ ಸಂಪಾದಕರು ಇದನ್ನು ದೋಷವೆಂದು ತಿಳಿದು ಟೇಪು ಹಚ್ಚುತ್ತಾರೆ. ದಯವಿಟ್ಟು ಹಚ್ಚಬೇಡಿ. ಈ ಯಂತ್ರಕ್ಕೆ ಎರಡು ತಲೆ ಇಟ್ಟದ್ದೇ ಈ ಗುಂಡಿಗಾಗಿ.

‘ಆಶಿತಾ ನೊ ಜೋ’ ನೋಡಿ. 1968ರ ಜನವರಿಯಿಂದ 1973ರ ಮೇವರೆಗೆ ‘ಶೋನೆನ್ ಮ್ಯಾಗಜೀನ್’ ವಾರಪತ್ರಿಕೆಯಲ್ಲಿ ಬಂತು. ಕಥೆ ಕಾಜಿವಾರಾ ಅವರದೇ. ಅದೇ ಪತ್ರಿಕೆಯಲ್ಲಿ ಅವರ ಇನ್ನೊಂದು ಕಥೆ ಓಡುತ್ತಿದ್ದುದರಿಂದ ಇದಕ್ಕೆ ಅಸಾಒ ತಾಕಾಮೊರಿ ಎಂಬ ಹೆಸರು ಹಾಕಿದರು. ಚಿತ್ರ ತೆತ್ಸುಯಾ ಚಿಬಾ ಅವರದು. ಕೊಳೆಗೇರಿಯ ಹುಡುಗ ಜೋ ಬಾಲಬಂದಿಖಾನೆಯಲ್ಲಿ ರಿಕಿಇಶಿ ಎಂಬವನ ಎದುರು ಬೀಳುತ್ತಾನೆ. ಈ ರಿಕಿಇಶಿ ಮುಂದೆ ಬಾಕ್ಸಿಂಗ್ ಕಣದಲ್ಲಿ ಜೋನ ದೊಡ್ಡ ಎದುರಾಳಿಯಾಗುತ್ತಾನೆ ಎಂದು ಚಿಬಾ ಅವರಿಗೆ ಆಗ ತಿಳಿದಿರಲಿಲ್ಲ. ಅವನನ್ನು ಜೋನಿಗಿಂತ ಎಷ್ಟೋ ಎತ್ತರಕ್ಕೆ, ಅಗಲಕ್ಕೆ ಬಿಡಿಸಿಬಿಟ್ಟರು. ಬಾಕ್ಸಿಂಗ್‌ನಲ್ಲಿ ತೂಕದ ವರ್ಗ ಇರುತ್ತದೆಯಲ್ಲ. ಇಬ್ಬರೂ ಒಂದೇ ಕಣದಲ್ಲಿ ನಿಲ್ಲುವುದು ಹೇಗೆ?

ಬೇರೆ ಯಾವ ಉದ್ಯಮದಲ್ಲಾದರೂ ಇದಕ್ಕೆ ಮೆಮೊ ಕೊಡುತ್ತಿದ್ದರು. ಇಲ್ಲಿ ಕಥೆ ಚಿತ್ರಕ್ಕೆ ಬಾಗಿತು. ರಿಕಿಇಶಿ ಜೋನ ತೂಕಕ್ಕೆ ಇಳಿಯಲು ಅನ್ನ ಬಿಟ್ಟ, ನೀರು ಬಿಟ್ಟ. ರಾತ್ರಿ ಬಾಯಾರಿ ಎದ್ದು ಬಂದರೆ ನಲ್ಲಿಗಳಿಗೆಲ್ಲ ತಂತಿ ಸುತ್ತಿದೆ. ಮೂಳೆ ಕಾಣುವ ಆ ಮೈಯನ್ನು ಚಿಬಾ ಬಿಡಿಸಿದ ಪುಟಗಳು ಮಾಂಗಾ ಚರಿತ್ರೆಯಲ್ಲೇ ಮರೆಯಲಾಗದವು. ಅವನು ಕಣದಲ್ಲಿ ಗೆದ್ದು ಸತ್ತ. 1970ರ ಮಾರ್ಚ್ 24ರಂದು ಟೋಕಿಯೊದಲ್ಲಿ ಪ್ರಕಾಶಕರಾದ ಕೊದಾನ್ಶಾ ಕಟ್ಟಡದಲ್ಲಿ ಅವನಿಗೆ ನಿಜವಾದ ಶ್ರಾದ್ಧಸಭೆ ನಡೆಯಿತು. ಕವಿ, ನಾಟಕಕಾರ ಶೂಜಿ ತೆರಾಯಾಮಾ ಮುಂದೆ ನಿಂತು ನಡೆಸಿದರು, ಸುಮಾರು 700 ಜನ ಬಂದರು. ಹುಟ್ಟೇ ಇರದವನೊಬ್ಬನ ಸಾವಿಗೆ! ಮೂಲದಲ್ಲಿ ಇದ್ದದ್ದು ಒಂದು ಚಿತ್ರದ ಅಳತೆ ತಪ್ಪಿದ್ದು, ಅಷ್ಟೆ.

ಕೊನೆಯ ಪುಟದಲ್ಲಿ ಮತ್ತೆ ಗುಂಡಿ ಒತ್ತಿಕೊಂಡಿತು. ಕಾಜಿವಾರಾ ಬರೆದ ಮುಕ್ತಾಯದಲ್ಲಿ ಜೋ ಅಂಕದ ಲೆಕ್ಕದಲ್ಲಿ ಸೋಲುತ್ತಾನೆ, ‘ಪಂದ್ಯ ಸೋತರೂ ಜಗಳ ನಿನ್ನದೇ’ ಎಂಬ ಧಾಟಿಯಲ್ಲಿ ತರಬೇತುದಾರ ಸಮಾಧಾನ ಹೇಳುತ್ತಾನೆ. ಚಿಬಾ ಅವರಿಗೆ ಇದು ಸಪ್ಪೆ ಎನಿಸಿತು. ಬದಲಿಸುತ್ತೇನೆ ಎಂದರು, ಕಾಜಿವಾರಾ ಆಗಲಿ ಎಂದರು. ಚಿಬಾ ಬಿಡಿಸಿದ್ದು ಕಣದ ಮೂಲೆಯ ಪೀಠದ ಮೇಲೆ ತಲೆ ಬಾಗಿಸಿ, ಉರಿದು ಬಿಳಿ ಬೂದಿಯಾದವನಂತೆ, ತುಟಿಯಲ್ಲಿ ನಗೆಯಿಟ್ಟು ಕೂತ ಜೋನನ್ನು. ಸತ್ತನೋ ಬದುಕಿದನೋ ಎಂದು ಜಪಾನಿನವರು ಐವತ್ತು ವರ್ಷದಿಂದ ವಾದಿಸುತ್ತಿದ್ದಾರೆ. ಕಾಜಿವಾರಾ ತಮ್ಮ ಬರಹವನ್ನು ಸುಲಭವಾಗಿ ಬಿಟ್ಟುಕೊಡುವ ಮನುಷ್ಯರಲ್ಲ. ಅಂಥವರು ಬಿಟ್ಟುಕೊಟ್ಟದ್ದೇ ಈ ಕೃತಿಗೆ ಅವರು ಬರೆದ ಅತ್ಯುತ್ತಮ ಸಾಲು ಎಂದು ನನ್ನ ಲೆಕ್ಕ. ಕೈಪಿಡಿ ಬರೆಯುವವನು ಅಭಿಪ್ರಾಯ ಹೇಳಬಾರದೆಂಬ ನಿಯಮವಿದೆ, ಗೊತ್ತು.

ಗುಂಡಿ ಒತ್ತದೆಯೂ ಚೆನ್ನಾಗಿ ಓಡುವ ಯಂತ್ರಗಳಿವೆ. ಕೊಯಿಕೆಯವರ ಜೊತೆ ಗೊಸೆಕಿ ಕೊಜಿಮಾ ಮಾಡಿದ ‘ಕೊಜುರೆ ಓಕಾಮಿ’ 1970ರಿಂದ 1976ರವರೆಗೆ ಬಂದು 28 ಸಂಪುಟಗಳಾಯಿತು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಲೆಯುವ ಕೂಲಿ ಕೊಲೆಗಾರ ಸಮುರಾಯಿಯ ಕಥೆ. ಕೊಜಿಮಾ ಬೀದಿಯಲ್ಲಿ ಚಿತ್ರಪಟ ತೋರಿಸಿ ಕಥೆ ಹೇಳುವವರಿಗೆ ಪಟ ಬಿಡಿಸಿಕೊಟ್ಟು ಕೈ ಪಳಗಿಸಿಕೊಂಡವರು. ಕೊಯಿಕೆ ಪುಟಗಟ್ಟಲೆ ಮಾತಿಲ್ಲದೆ ಬಿಟ್ಟುಕೊಟ್ಟರೆ ಅವರು ಕುಂಚದಿಂದ ಹುಲ್ಲು, ಹಿಮ, ಕತ್ತಿಯ ಬೀಸು ತುಂಬುತ್ತಿದ್ದರು. ಇಲ್ಲಿ ಕಥೆಗಾರ ಸುಮ್ಮನಿರಲು ಕಲಿತಿದ್ದರಿಂದ ಚಿತ್ರಕಾರ ಮಾತು ಮೀರುವ ಪ್ರಮೇಯವೇ ಬರಲಿಲ್ಲ. (ಕೊಜಿಮಾ ಹುಟ್ಟಿದ್ದು 1928ರ ನವೆಂಬರ್ 3ರಂದು, ತೆಜುಕಾ ಹುಟ್ಟಿದ ದಿನವೇ. ಇದರಿಂದ ಯಂತ್ರದ ನಿರ್ವಹಣೆಗೆ ಯಾವ ಪ್ರಯೋಜನವೂ ಇಲ್ಲ.)

ಒಂದೇ ಹಿಡಿಕೆಯ ಮಾದರಿ

ಇದರಲ್ಲಿ ಇಬ್ಬರೂ ಕಥೆ ಕಟ್ಟುತ್ತಾರೆ, ಇಬ್ಬರೂ ಬಿಡಿಸುತ್ತಾರೆ, ಸಹಿ ಮಾತ್ರ ಒಂದೇ. ತೊಯಾಮಾ ಪ್ರಾಂತ್ಯದ ತಾಕಾಓಕಾ ಊರಿನ ಶಾಲೆಯಲ್ಲಿ ಜೊತೆಯಾದ ಹಿರೋಶಿ ಫುಜಿಮೊತೊ ಮತ್ತು ಮೊತೊಓ ಅಬಿಕೊ ‘ಫುಜಿಕೊ ಫುಜಿಓ’ ಎಂಬ ಒಂದೇ ಹೆಸರಿನಲ್ಲಿ ದಶಕಗಳ ಕಾಲ ದುಡಿದರು, ಬಂದದ್ದನ್ನು ಸಮ ಹಂಚಿಕೊಂಡರು. 1955ರಲ್ಲಿ ಹೊಸ ವರ್ಷಕ್ಕೆ ಊರಿಗೆ ಹೋದವರು ಮನೆಯ ಬೆಚ್ಚನೆಗೆ ಮೈಮರೆತು ಒಪ್ಪಿಕೊಂಡ ಕೆಲಸಗಳ ಗಡುವನ್ನೆಲ್ಲ ತಪ್ಪಿಸಿದರು, ಆಮೇಲೆ ಬಹುಕಾಲ ಪತ್ರಿಕೆಗಳ ಬಾಗಿಲು ಮುಚ್ಚಿತ್ತು. ತಪ್ಪನ್ನೂ ಜೋಡಿಯಾಗಿಯೇ ಮಾಡಿದರು.

ನಮ್ಮ ಮನೆಗಳ ಟಿವಿಯಲ್ಲಿ ಮಕ್ಕಳು ನೋಡುವ ‘ಡೋರೆಮಾನ್’, ‘ನಿಂಜಾ ಹತ್ತೋರಿ’ ಎರಡೂ ಆ ಸಹಿಯವೇ. ಆದರೆ ಡೋರೆಮಾನ್ ಫುಜಿಮೊತೊ ಕೈಯದು, ಹತ್ತೋರಿ ಅಬಿಕೊ ಕೈಯದು. ನಿಜಕ್ಕೂ ಕೂಡಿ ಮಾಡಿದ ಕೆಲಸ ಕ್ರಮೇಣ ಕಡಿಮೆಯಾಗಿತ್ತು. 1987ರ ಕೊನೆಗೆ ಸಹಿಯನ್ನು ಬೇರ್ಪಡಿಸಿಕೊಂಡರು. ಕೋರ್ಟಿಲ್ಲ, ಕಚೇರಿಯಿಲ್ಲ. ಒಬ್ಬರ ಹೆಸರಿನಲ್ಲಿ ‘ಎಫ್’, ಇನ್ನೊಬ್ಬರದರಲ್ಲಿ ವೃತ್ತದೊಳಗಿನ ‘ಎ’ ಸೇರಿತು, ಉಳಿದದ್ದೆಲ್ಲ ಅದೇ. ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಮೂವತ್ತು ವರ್ಷ ವ್ಯಾಜ್ಯ ಹೂಡುವುದನ್ನು ಕಂಡ ನಮಗೆ ಇದು ಪುರಾಣದ ಹಾಗೆ ಕೇಳುತ್ತದೆ.

ಒಂದು ತಲೆ ನಿಂತುಹೋದರೆ

2020ರ ಆಗಸ್ಟ್‌ನಲ್ಲಿ ಜಂಪ್‌ನ ‘ಆಕ್ಟ್-ಏಜ್’ ಕಥೆಗಾರನ ಬಂಧನವಾಯಿತು. ಧಾರಾವಾಹಿ ತಕ್ಷಣ ನಿಂತಿತು, ಬಂದಿದ್ದ ಸಂಪುಟಗಳನ್ನೂ ಅಂಗಡಿಗೆ ಕಳಿಸುವುದು ನಿಂತಿತು. ಚಿತ್ರ ಬಿಡಿಸಿದವರ ತಪ್ಪೇನೂ ಇರಲಿಲ್ಲ. ಎರಡು ತಲೆಯ ಯಂತ್ರದಲ್ಲಿ ಒಂದು ತಲೆಗೆ ಶಿಕ್ಷೆಯಾದರೆ ಇನ್ನೊಂದೂ ಜೈಲಿನ ಹೊರಗೆ ಕೂತು ಅನುಭವಿಸುತ್ತದೆ.

ವಿರುದ್ಧ ಉದಾಹರಣೆಯೂ ಉಂಟು. ‘ಬರ್ಸರ್ಕ್’ ಮಾಡುತ್ತಿದ್ದ ಕೆಂತಾರೊ ಮಿಯುರಾ ಒಂದು ತಲೆಯ ಯಂತ್ರ. 2021ರ ಮೇ 6ರಂದು, 54ನೇ ವಯಸ್ಸಿಗೆ ತೀರಿಕೊಂಡರು. ಕಥೆ ಅರ್ಧಕ್ಕೆ ನಿಂತಿತು. ಆದರೆ ಸುಮಾರು ಮೂವತ್ತು ವರ್ಷದ ಹಿಂದೆ ಅವರು ಕೊನೆಯವರೆಗಿನ ಕಥೆಯನ್ನು ಹೈಸ್ಕೂಲ್ ಗೆಳೆಯ, ತಾನೂ ಮಾಂಗಾಕಾರನಾದ ಕೋಜಿ ಮೋರಿಗೆ ಹೇಳಿದ್ದರು. 2022ರ ಜೂನ್‌ನಲ್ಲಿ ಕಥೆ ಮತ್ತೆ ಶುರುವಾಯಿತು. ಬಿಡಿಸುತ್ತಿರುವವರು ಮಿಯುರಾ ಅವರ ಸಹಾಯಕರಾಗಿದ್ದ ಸ್ಟುಡಿಯೊ ಗಾಗಾದವರು. ಮಿಯುರಾ ತನಗೆ ಹೇಳಿದ್ದನ್ನಷ್ಟೇ ದಾಟಿಸುತ್ತೇನೆ, ನನ್ನದೇನೂ ಸೇರಿಸುವುದಿಲ್ಲ ಎಂದು ಮೋರಿ ಓದುಗರಿಗೆ ಮಾತು ಕೊಟ್ಟರು. ಕಥೆಗಾರ ತೀರಿಹೋದ ಮೇಲೆ ಕೂಡಿಕೊಂಡ ಜೋಡಿ ಇದು. ನಿಮ್ಮ ಯಂತ್ರದ ಕಥೆಗಾರನಿಗೆ ಕೊನೆ ಗೊತ್ತಿದ್ದರೆ ಯಾರಾದರೊಬ್ಬರಿಗೆ ಹೇಳಿಟ್ಟಿರಲು ಮೆಲ್ಲಗೆ ಸೂಚಿಸಿ. ಸೂಚಿಸುವಾಗ ಕಾರಣ ಹೇಳಬೇಡಿ.

ಒಡೆತನ ಮತ್ತು ವಾರಂಟಿ

ಕಲೆಯ ಬಗ್ಗೆ ಈ ಇಬ್ಬರು ಎಷ್ಟು ಕಾದಾಡಿದರೂ ಯಂತ್ರ ಕೆಡುವುದಿಲ್ಲ, ಬಹಳ ಸಲ ಸುಧಾರಿಸುತ್ತದೆ. ಕೆಡುವುದು ಒಡೆತನದ ಬಗ್ಗೆ ಮೌನವಾಗಿದ್ದಾಗ.

‘ಕ್ಯಾಂಡಿ ಕ್ಯಾಂಡಿ’ ಎಂಬ ಅನಾಥ ಹುಡುಗಿಯ ಕಥೆ 1975ರಿಂದ 1979ರವರೆಗೆ ‘ನಕಾಯೋಶಿ’ ಪತ್ರಿಕೆಯಲ್ಲಿ ಬಂತು. ಕಥೆ ಕ್ಯೊಕೊ ಮಿಜುಕಿ, ಚಿತ್ರ ಯುಮಿಕೊ ಇಗರಾಶಿ. 1977ರಲ್ಲಿ ಮೊದಲ ಕೊದಾನ್ಶಾ ಮಾಂಗಾ ಪ್ರಶಸ್ತಿ ಪಡೆಯಿತು. 115 ಕಂತಿನ ಟಿವಿ ಸರಣಿಯಾಗಿ ಯುರೋಪಿನ ಹುಡುಗಿಯರನ್ನೂ ಅಳಿಸಿತು. ಇಷ್ಟು ಚೆನ್ನಾಗಿ ಓಡಿದ ಯಂತ್ರ ಇನ್ನೊಂದಿಲ್ಲ. 1990ರ ದಶಕದಲ್ಲಿ ಕ್ಯಾಂಡಿಯ ಮುಖವಿದ್ದ ವಸ್ತುಗಳು ಮಾರಾಟಕ್ಕೆ ಬಂದಾಗ ಪ್ರಶ್ನೆ ಎದ್ದಿತು. ಬರೀ ಚಿತ್ರ ಇದ್ದು ಒಂದೂ ಮಾತಿಲ್ಲದ ಕಡೆ ಕಥೆಗಾರ್ತಿಯ ಪಾಲು ಎಲ್ಲಿಂದ ಬಂತು? ಚಿತ್ರಕಾರ್ತಿಯ ವಾದ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಕ್ಯಾಂಡಿಯ ಗುಂಗುರು ಕೂದಲು ಬಿಡಿಸಿದ್ದು ತಾನಲ್ಲವೇ? ಕಥೆಗಾರ್ತಿ ನ್ಯಾಯಾಲಯಕ್ಕೆ ಹೋದರು. 2001ರ ಅಕ್ಟೋಬರ್ 25ರಂದು ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾಂಗಾ ಹುಟ್ಟಿದ್ದು ಕಥೆಗಾರ್ತಿಯ ಗದ್ಯ ಹಸ್ತಪ್ರತಿಯಿಂದ, ಆದ್ದರಿಂದ ಅದರ ಚಿತ್ರಗಳ ಮೇಲೂ ಮೂಲ ಲೇಖಕಿಗೆ ಹಕ್ಕಿದೆ, ಅವರ ಒಪ್ಪಿಗೆಯಿಲ್ಲದೆ ಚಿತ್ರಕಾರ್ತಿ ಕ್ಯಾಂಡಿಯನ್ನು ಹೊಸದಾಗಿ ಬಿಡಿಸುವಂತಿಲ್ಲ, ಬಿಡಿಸಿದ್ದನ್ನು ಮತ್ತೆ ಅಚ್ಚುಹಾಕುವಂತಿಲ್ಲ.

ತೀರ್ಪು ಸರಿಯೇ. ಕ್ಯಾಂಡಿ ಅಳುವುದು ಯಾಕೆಂದು ಗೊತ್ತಿಲ್ಲದೆ ಅವಳ ಕಣ್ಣೀರು ಬಿಡಿಸಲು ಬರುವುದಿಲ್ಲ. ಆದರೆ ಗೆದ್ದವರ ಕೈಗೂ ಪುಸ್ತಕ ಸಿಗಲಿಲ್ಲ. ಮುದ್ರಿಸಲು ಇಬ್ಬರೂ ಒಪ್ಪಬೇಕು, ಇಬ್ಬರೂ ಒಪ್ಪುವ ಕಾಲ ಬರಲಿಲ್ಲ. ಕ್ಯಾಂಡಿ ಜಪಾನಿನಲ್ಲಿ ಮರುಮುದ್ರಣ ಕಾಣದೆ, ಟಿವಿ ಸರಣಿ ಮರುಪ್ರಸಾರವಾಗದೆ ದಶಕಗಳೇ ಆದವು. ಬೇಕಾದವರು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕುತ್ತಾರೆ.

ಕೈಪಿಡಿಯ ಉಳಿದ ಪುಟಗಳನ್ನು ಓದದಿದ್ದರೂ ನಡೆಯುತ್ತದೆ. ಇಬ್ಬರೂ ಇನ್ನೂ ಒಬ್ಬರ ಚಹಾಕ್ಕೆ ಇನ್ನೊಬ್ಬರು ಸಕ್ಕರೆ ಹಾಕುತ್ತಿರುವಾಗಲೇ, ಮೊದಲ ಅಧ್ಯಾಯ ಅಚ್ಚಿಗೆ ಹೋಗುವ ಮುನ್ನ, ಪೆನ್ಸಿಲ್ ಡಬ್ಬಿಯ ಮೇಲಿನ ಮುಖವೂ ಸೇರಿ ಯಾವುದರಲ್ಲಿ ಯಾರ ಪಾಲು ಎಷ್ಟು ಎಂದು ಬರೆಸಿ, ಇಬ್ಬರಿಂದಲೂ ಮುದ್ರೆ ಒತ್ತಿಸಿಕೊಳ್ಳಿ.